ಖಂಡೇಪೂಜೆಯ ದಿನದ ನೀರು

ಡ್ರಮ್ಮಿನ ನೀರಿಗೆ ಬಣ್ಣವಿರಲಿಲ್ಲ.

ಮಧ್ಯಾಹ್ನ ಎರಡು ಗಂಟೆ. ನೀರು ಶುದ್ಧ ಮಾಡುವ ನಮ್ಮ ಯಂತ್ರದ ಮೂರನೇ ಕಪಾಟು ಆಗಷ್ಟೇ ಕಕ್ಕಿದ ನೀರನ್ನು ಗಾಜಿನ ಬೀಕರಿಗೆ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ನೋಡಿದೆ. ದಿನಾ ಅದು ಹಸಿರು ನೀಲಿ ಬೆರೆತು, ನೋಡಿದರೇ ಬಾಯಿ ಕಹಿಯಾಗುವಂತಿರುತ್ತದೆ. ಅವತ್ತು ತಿಳಿಯಾಗಿ, ಎತ್ತಿ ಕುಡಿಯಬಹುದು ಅನ್ನುವ ಹಾಗಿತ್ತು. ನನಗೆ ಮೊದಲು ಬಂದದ್ದು ಕೋಪ. ಹೆದರಿಕೆಯೂ ನನಗೆ ಕೋಪದ ವೇಷದಲ್ಲೇ ಬರುತ್ತದೆ. ಮನೆಯವರಿಗೆಲ್ಲ ಇದು ಗೊತ್ತಿದ್ದ ಸಂಗತಿ.

"ಬಡಿಗೇರಣ್ಣಾ! ಮೂರನೇ ಕಪಾಟಿನ ವಾಲ್ವ್ ಯಾರರೇ ಮುಟ್ಟ್ಯಾರೇನು?"

"ಯಾರ್ ಮುಟ್ಟತಾರ್ರೀ ಅಕ್ಕಾರ? ನಾ ಇಲ್ಲೇ ಅದೇನಲ್ಲ," ಎಂದು ವೀರಭದ್ರಪ್ಪ ಬಡಿಗೇರ ಒಳಗೆ ಬಂದರು. ಹೊಸ ಅಂಗಿ, ಹಣೆಗೆ ಮೂರು ಬೆರಳಿನ ವಿಭೂತಿ. ಅವರು ನಮ್ಮ ಘಟಕದ ಫೋರಮನ್. ಮಾತಾಡುವಾಗ ಮೂಗಿನಲ್ಲಿ ಸಣ್ಣಗೆ ಸೀಟಿ ಊದಿದಂತಾಗುತ್ತದೆ. ಇಪ್ಪತ್ತಾರು ವರ್ಷ ಕ್ರೋಮ್ ಲೇಪನದ ತೊಟ್ಟಿಯ ಮೇಲೆ ಬಗ್ಗಿ ದುಡಿದು, ಅದರ ಹಬೆಗೆ ಮೂಗಿನ ನಡುಗೋಡೆ ತೂತುಬಿದ್ದವರು. ಆ ವಿಷವನ್ನು ನೀರಿನಿಂದ ತೆಗೆಯುವ ಯಂತ್ರ ಬಂತೆಂದರೆ ಅವರಿಗೆ ದೇವರು ಬಂದ ಹಾಗೆ. ಕಪಾಟುಗಳಿಗೆ ಬೆಳಿಗ್ಗೆ ಕೈಮುಗಿಯದೆ ಅವರು ಚಹಾ ಕುಡಿಯುತ್ತಿರಲಿಲ್ಲ.

ಯಂತ್ರದ ಕಸುಬು ಸರಳ. ಶೇಂಗಾ ಸಿಪ್ಪೆಯನ್ನು ಗಾಳಿಯಿಲ್ಲದ ಕುಲುಮೆಯಲ್ಲಿ ಸುಟ್ಟು, ಬಂದ ಇದ್ದಿಲನ್ನು ತೆಳ್ಳಗೆ ಹಾಳೆ ಮಾಡುತ್ತೇವೆ. ಹಾಳೆಗಳನ್ನು ಎದುರುಬದುರು ನಿಲ್ಲಿಸಿ, ಟಾರ್ಚಿನ ಸೆಲ್ಲಿಗಿಂತ ಕಡಿಮೆ ವೋಲ್ಟೇಜಿನ ವಿದ್ಯುತ್ ಕೊಟ್ಟು, ನಡುವೆ ಕಾರ್ಖಾನೆಗಳ ಹೊಲಸು ನೀರು ಹರಿಸುತ್ತೇವೆ. ಇದ್ದಿಲಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಒಂದು ಚಿಟಿಕೆ ಇದ್ದಿಲಿನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ರಾಶಿ ಮಾಡುವ ಕಣವೊಂದು ತುಂಬೀತು. ಸೀಸ, ನಿಕ್ಕಲ್, ಕ್ಯಾಡ್ಮಿಯಂ ಎಲ್ಲ ಋಣ ವಿದ್ಯುತ್ತಿನ ಹಾಳೆಗೆ ಹೋಗಿ ಆ ರಂಧ್ರಗಳಲ್ಲಿ ಕೂರುತ್ತವೆ. ಹಾಳೆ ತುಂಬಿದಾಗ ವಿದ್ಯುತ್ತನ್ನು ತಿರುಗುಮುರುಗು ಮಾಡಿದರೆ ಹಿಡಿದದ್ದನ್ನೆಲ್ಲ ಡ್ರಮ್ಮಿಗೆ ಕಕ್ಕುತ್ತದೆ. ಇಂಥವು ಹನ್ನೆರಡು ಕಪಾಟು. ಒಂದು ಕಕ್ಕುವಾಗ ಉಳಿದವು ಹಿಡಿಯುತ್ತವೆ.

ಹೊಳೆಯ ನೀರು ಹನ್ನೆರಡು ದಿನಕ್ಕೊಮ್ಮೆಯೂ ಬರದಂತಾದ ಮೇಲೆ ನವಿಲಗುಡ್ಡ ಕಾಲನಿಗೆ ಈ ನೀರನ್ನೇ ಕುಡಿಯಲು ಕೊಡುವುದೆಂದು ತೀರ್ಮಾನವಾಯಿತು. ಮೊದಲು ಯಾರೂ ಮುಟ್ಟಲಿಲ್ಲ. ಅದೇ ಕಾಲನಿಯ ಸೊಸೆ ನಾನು, ಮಹಾನಂದಾ ಪತ್ತಾರ, ರಸಾಯನಶಾಸ್ತ್ರ ಓದಿ ಈ ಘಟಕ ನೋಡಿಕೊಳ್ಳುವವಳು. ಮನೆಮನೆಗೆ ತಂಬಿಗೆ ಹಿಡಿದುಕೊಂಡು ಹೋಗಿ, ಎಲ್ಲರ ಎದುರಿಗೆ ಗಟಗಟ ಕುಡಿದು ತೋರಿಸಿದೆ. ನಳದ ಕಟ್ಟೆಯ ಮೇಲೆ ದೊಡ್ಡ ಬೋರ್ಡು ಹಾಕಿಸಿದೆ. ನೀರಿನಲ್ಲಿ ಲೋಹವಿಲ್ಲದಿದ್ದರೆ ಅದರಲ್ಲಿ ಹಸಿರು ಸೊನ್ನೆ, ಇದ್ದರೆ ಕೆಂಪು ಅಂಕಿ. "ಯಾರ ಮಾತೂ ಕೇಳಬ್ಯಾಡ್ರಿ, ನನ್ನ ಮಾತೂ ಕೇಳಬ್ಯಾಡ್ರಿ. ಸೊನ್ನಿ ನೋಡ್ರಿ, ಕುಡೀರಿ," ಎಂದು ಹೆಂಗಸರಿಗೆ ಪಾಠ ಹೇಳಿದೆ. ಎಂಟು ತಿಂಗಳಿಂದ ಅವರು ಹಾಗೆಯೇ ಮಾಡುತ್ತಿದ್ದರು.

ಈಗ ಮೀಟರು ನೋಡಿದೆ. ಹೊರಹೋಗುವ ನೀರು: ಸೊನ್ನೆ. ಒಳಬರುವ ನೀರಿನಲ್ಲಿ ಲೋಹ ಇದೆ. ಡ್ರಮ್ಮಿನಲ್ಲಿ ಇಲ್ಲ. ಹಾಗಾದರೆ ಹೋಯಿತೆಲ್ಲಿಗೆ? ಲೋಹಕ್ಕೇನು ರೆಕ್ಕೆ ಬರುತ್ತದೆಯೇ?

ನಗರದ ನಿಯಂತ್ರಣ ಕಚೇರಿಗೆ ಫೋನು ಹಚ್ಚಿದೆ. ಅಲ್ಲಿದ್ದವನು ಎಂಜಿನಿಯರ್ ಜಿತೇಂದ್ರ. ಒಳ್ಳೆಯ ಹುಡುಗನೇ, ಆದರೆ ಅವನಿಗೆ ಪರದೆಯ ಮೇಲೆ ಬಂದದ್ದಷ್ಟೇ ಸತ್ಯ.

"ಮೇಡಂ, ಇವತ್ತು ನಿಮ್ಮ ಖಂಡೇಪೂಜೆ, ನಮ್ಮ ಆಯುಧಪೂಜೆ. ಕಾರ್ಖಾನೆ ಎಲ್ಲಾ ಬಂದ್ ಇವೆ. ಲೋಹ ಕಡಿಮೆ ಬಂದಿರುತ್ತೆ, ಅದಕ್ಕೇ ಬಣ್ಣ ಇಲ್ಲ. ನೀವೂ ಮನೆಗೆ ಹೋಗಿ ಹೋಳಿಗೆ ಊಟ ಮಾಡಿ," ಅಂದ.

ಹೊರಗಿನವನ ಲೆಕ್ಕ ಅದು. ನನ್ನ ಗಂಡನ ಮನೆಯವರು ಮೂರು ತಲೆಮಾರಿನಿಂದ ಲೇಪನದ ಕೆಲಸದವರು. ಖಂಡೇಪೂಜೆಯ ಹಿಂದಿನ ದಿನ ಪ್ರತಿಯೊಂದು ಅಂಗಡಿಯವರೂ ತೊಟ್ಟಿ ಬರಿದು ಮಾಡಿ, ತಳದ ಕೆಸರು ಕೆರೆದು, ಎಲ್ಲವನ್ನೂ ತೊಳೆದು ಚರಂಡಿಗೆ ಬಿಡುತ್ತಾರೆ. ಅದೆಲ್ಲ ಹರಿದು ನಮ್ಮಲ್ಲಿಗೆ ಮುಟ್ಟುವುದು ಮರುದಿನ. ವರ್ಷದಲ್ಲೇ ಅತಿ ಹೆಚ್ಚು ವಿಷ ನಮ್ಮಲ್ಲಿಗೆ ಬರುವುದು ಇದೇ ದಿನ. ಡ್ರಮ್ಮು ಇವತ್ತು ನವಿಲಿನ ಬಣ್ಣ ಇರಬೇಕಿತ್ತು.

ಫೋನಿಟ್ಟು ಕಪಾಟಿನ ಸಾಲಿಗೆ ಓಡಿದೆ. ಹನ್ನೆರಡೂ ಕಪಾಟಿಗೆ ಚೆಂಡುಹೂವಿನ ಮಾಲೆ, ಅರಿಶಿನ ಕುಂಕುಮ. ಬೆಳಿಗ್ಗೆ ಪೂಜೆಗೆಂದು ಒಂದು ತಾಸು ಯಂತ್ರ ನಿಲ್ಲಿಸಲು ನಾನೇ ಒಪ್ಪಿಗೆ ಕೊಟ್ಟಿದ್ದೆ. ನಡೆಯುತ್ತಿರುವ ಯಂತ್ರಕ್ಕೆ ಪೂಜೆ ಮಾಡುವುದು ಹೇಗೆ? ಹಾಳೆಗಳನ್ನೆಲ್ಲ ಮೊದಲೇ ಕಕ್ಕಿಸಿ, ಎರಡೂ ಕಡೆಯ ವಾಲ್ವ್ ಮುಚ್ಚಿ, ಆಮೇಲೆ ಕರೆಂಟು ತೆಗೆದಿದ್ದೆವು. ಶುರು ಮಾಡಿದ ಮೇಲೆ ಮೊದಲ ಅರ್ಧ ಗಂಟೆಯ ನೀರನ್ನು ಚರಂಡಿಗೆ ಬಿಟ್ಟಿದ್ದೆವು. ಎಲ್ಲ ನಿಯಮದ ಪ್ರಕಾರ.

ಕಪಾಟುಗಳ ತಲೆಯ ಮೇಲೆ ವಿದ್ಯುತ್ ತರುವ ತಾಮ್ರದ ಪಟ್ಟಿಗಳಿವೆ. ಅವು ಯಾವಾಗಲೂ ಕಪ್ಪಗೆ, ಹಸಿರು ಕಿಲುಬು ಹತ್ತಿಕೊಂಡು ಇರುತ್ತವೆ. ಅವತ್ತು ದೇವರ ಮನೆಯ ಹರಿವಾಣದ ಹಾಗೆ ಥಳಥಳ ಹೊಳೆಯುತ್ತಿದ್ದವು. ಬೆಳಿಗ್ಗೆ ಆರತಿ ಹಿಡಿದು ನಿಂತಾಗಲೇ ಅದನ್ನು ನೋಡಿ "ಎಷ್ಟ್ ಚಂದ ಆಗೇತಿ ಬಡಿಗೇರಣ್ಣಾ" ಅಂದಿದ್ದೆ. ಅಂದಿದ್ದೆ, ಸುಮ್ಮನಾಗಿದ್ದೆ.

"ಇವನ್ನ ಏನ್ ಹಾಕಿ ತಿಕ್ಕಿದ್ರಿ?"

"ಮತ್ತೇನ್ ಹಾಕ್ತಾರ್ರೀ? ಹುಣಸಿಹಣ್ಣು. ಮನ್ಯಾಗಿಂದ ಒಂದು ಬೋಗುಣಿ ತುಂಬ ಕಿವುಚಿಕೊಂಡು ಬಂದಿದ್ನಿ. ಚಲೋತ್ನಾಗಿ ನೀರು ಹಾಕಿ ತೊಳದೇನ್ರಿ, ಒಂದು ನಾರು ಉಳದಿಲ್ಲ."

"ತೊಳದ ನೀರು ಎಲ್ಲಿ ಹೋತು?"

ಅವರು ಪಟ್ಟಿ ನೋಡಿದರು. ಪಟ್ಟಿಯ ಕೆಳಗಿನ ಸಂದು ನೋಡಿದರು. ಸಂದಿನ ಕೆಳಗೆ ಕಪಾಟಿನ ಹೊಟ್ಟೆ. ಅವರ ಮೂಗಿನ ಸೀಟಿ ನಿಂತಿತು.

ಹುಣಸೆಯ ಹುಳಿಗೆ ಲೋಹವೆಂದರೆ ಪ್ರಾಣ. ಪಾತ್ರೆಯ ಕಿಲುಬನ್ನು ಎಬ್ಬಿಸುವುದು ಆ ಗುಣವೇ. ಎಷ್ಟೇ ಕಕ್ಕಿಸಿದರೂ ಇದ್ದಿಲಿನ ಆಳದ ರಂಧ್ರಗಳಲ್ಲಿ ಎಂಟು ತಿಂಗಳ ಸೀಸ ಒಂದಿಷ್ಟು ಉಳಿದೇ ಇರುತ್ತದೆ. ಹುಳಿ ಅಲ್ಲಿಗೆ ಹೊಕ್ಕು ಒಂದೊಂದು ಸೀಸದ ಕಣವನ್ನೂ ಅಪ್ಪಿಕೊಂಡು ಹೊರಗೆ ತಂದಿತ್ತು. ಅಪ್ಪಿಕೊಂಡ ಮೇಲೆ ಆ ಕಣದ ವಿದ್ಯುತ್ ಗುಣವೇ ಬದಲು. ಹಾಳೆ ಅದನ್ನು ಸೆಳೆಯುವುದಿಲ್ಲ. ಅವತ್ತು ಒಳಬಂದ ಲೋಹವನ್ನೂ ಹುಳಿ ಹೀಗೇ ಅಪ್ಪಿಕೊಂಡು ಹಾಳೆಗಳನ್ನು ದಾಟಿಸಿತ್ತು, ಅದಕ್ಕೇ ಡ್ರಮ್ಮಿನಲ್ಲಿ ಬಣ್ಣವಿರಲಿಲ್ಲ. ನಮ್ಮ ಮೀಟರಿಗೋ ಬರಿಮೈಯ ಲೋಹ ಮಾತ್ರ ಕಾಣುತ್ತದೆ, ಮುಸುಕು ಹಾಕಿಕೊಂಡದ್ದು ಕಾಣುವುದಿಲ್ಲ. ಸೊನ್ನೆ ಸೊನ್ನೆ ಎನ್ನುತ್ತ ಸೀಸದ ನೀರು ಬೆಳಿಗ್ಗೆಯಿಂದ ಕಾಲನಿಯ ತೊಟ್ಟಿಗೆ ತುಂಬಿಕೊಂಡಿತ್ತು.

ಅಯ್ಯೋ ನನ್ನ ಓದಿಗೆ ಬೆಂಕಿ ಬೀಳ! ಹುಟ್ಟಿದಾಗಿನಿಂದ ಹುಣಸೆಹಣ್ಣಿನಲ್ಲಿ ತಾಮ್ರ ತಿಕ್ಕಿದವಳು ನಾನು. ಹೊಳೆಯುವ ತಾಮ್ರ ಕಂಡರೆ ಹಬ್ಬ ಎಂದಷ್ಟೇ ತಿಳಿಯುವ ಕಣ್ಣು ನನ್ನದು.

ಮತ್ತೆ ಜಿತೇಂದ್ರನಿಗೆ ಫೋನು. "ಮೂರಕ್ಕೆ ಕಾಲನಿಗೆ ನೀರು ಬಿಡೂ ಗೇಟು ತೆರೀಬಾರದು. ನಿಲ್ಲಸ್ರಿ."

"ಮೇಡಂ, ಮೀಟರ್ ಸೊನ್ನೆ ಇದ್ದಾಗ ನಾನು ನಿಲ್ಲಿಸೋಕೆ ಬರಲ್ಲ. ಟೆಸ್ಟ್ ರಿಪೋರ್ಟ್ ಕಳಿಸಿ."

"ನೀರನ್ನ ಆಸಿಡ್ ಹಾಕಿ ಕುದಿಸಿ ಟೆಸ್ಟ್ ಮಾಡಾಕ ನಲ್ವತ್ತು ನಿಮಿಷ ಬೇಕು. ಈಗ ಎರಡೂವರಿ ಆಗೇತಿ!"

"ಮೂರೂ ಹತ್ತಕ್ಕೆ ಕಳಿಸಿ, ಆಗ ನೋಡೋಣ. ಸುಮ್ಮನೆ ನಿಲ್ಲಿಸಿದ್ರೆ ನಾಳೆ ಪೇಪರಲ್ಲಿ ಬರುತ್ತೆ ಮೇಡಂ. ಜನ ಮತ್ತೆ ಈ ನೀರು ಮುಟ್ಟಲ್ಲ. ಘಟಕಾನೇ ಮುಚ್ಚಿಬಿಡ್ತಾರೆ."

ಅವನ ಮಾತು ಸುಳ್ಳಲ್ಲ. ಗೇಟು ಮನುಷ್ಯರ ಕೈಗೆ ಸಿಗಬಾರದು, ಮೀಟರಿನ ಮಾತೊಂದನ್ನೇ ಕೇಳಬೇಕು ಎಂಬ ಏರ್ಪಾಡಿಗೆ ಭಾಷಣ ಮಾಡಿ ಚಪ್ಪಾಳೆ ಹೊಡೆಸಿಕೊಂಡವಳು ನಾನೇ.

"ಮೇನ್ ಸ್ವಿಚ್ಚಽ ತಗದುಬಿಡ್ಲ್ಯಾ ಅಕ್ಕಾರ?" ಬಡಿಗೇರರು ಸ್ವಿಚ್ಚಿನ ಕಡೆ ಹೊರಟೇಬಿಟ್ಟರು.

"ಬ್ಯಾಡ! ಕರೆಂಟ್ ಹೋದ್ರ ಹಾಳಿ ಹಿಡದದ್ದೂ ಬಿಡತಾವು. ಇನ್ನೂ ಹೊಲಸಾಗ್ತದ." ತಲೆ ಓಡಿತು. "ಮೀಟರಿನ ಪೆಟಗಿ ಒಡೀರಿ. ನಿನ್ನಿ ಡ್ರಮ್ಮಿನ ಹಸರ ನೀರು ಅದರ ಬಟ್ಟಲಕ್ಕ ಸುರೀರಿ. ಅದಕ್ಕ ಬರಿಮೈ ಲೋಹ ಕಾಣ್ಲಿ. ಕೆಂಪು ಅಂಕಿ ಬಂದ್ರ ಗೇಟ್ ತಾನಽ ಮುಚ್ಚತೈತಿ."

ಪೆಟ್ಟಿಗೆ ದಪ್ಪ ಕಬ್ಬಿಣದ್ದು, ಸರಕಾರಿ ಮೊಹರು ಹಾಕಿದ್ದು. ಒಡೆದರೆ ಅಪರಾಧ. ಅವರು ಸುತ್ತಿಗೆ ಮತ್ತು ಉಳಿ ತಂದರು. ಬೆಳಿಗ್ಗೆಯ ಕುಂಕುಮ ಇನ್ನೂ ಅವುಗಳ ಮೇಲಿತ್ತು.

ನಾನು ಸಲ್ಫೈಡಿನ ಬಾಟಲಿ ಚೀಲಕ್ಕೆ ಹಾಕಿಕೊಂಡೆ. ಅದರ ನಾಲ್ಕು ಹನಿ ಬಿದ್ದರೆ ಸೀಸ ಯಾವ ಮುಸುಕಿನಲ್ಲಿದ್ದರೂ ಕಪ್ಪಾಗುತ್ತದೆ. ಕಚೇರಿಗೆ ಅದು ಸಾಕ್ಷಿಯಲ್ಲ, ಕಣ್ಣಿದ್ದವರಿಗೆ ಸಾಕ್ಷಿ. ಮೊದಲ ಪೆಟ್ಟು ಹಾಕಿ ಬಡಿಗೇರರು ನಿಂತರು.

"ಅಕ್ಕಾರ... ಪೂಜಿ ಆದಮ್ಯಾಲಿನ ಮೊದಲನೇ ನೀರು, ಎಲ್ಲಾನೂ ಚರಂಡೀಗೆ ಬಿಡಾಕ ಮನಸಾಗ್ಲಿಲ್ರೀ. ತೀರ್ಥ ಇದ್ದಂಗ ಅಂತ ಒಂದು ಕೊಡ ಹಿಡದು ನಿಮ್ಮನೀಗೆ ಕಳಿಸೀನಿ. ಉಜ್ವಲಾಗ ಕುಡಿಸ್ಲಿ ಅಂತ. ಕೂಸಿಗೆ ಚಲೋ ಆಕ್ಕೈತಿ ಅಂತ..."

ಸುತ್ತಿಗೆ ಎತ್ತಿ ಹೊಡೆಯತೊಡಗಿದರು, ಅಳುತ್ತಲೇ.

ಉಜ್ವಲಾ ನನ್ನ ಮಗಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ಎಂಟು ತಿಂಗಳ ಬಸುರಿ. ಮೊದಲ ಅರ್ಧ ಗಂಟೆಯ ನೀರು ಎಂದರೆ ಹುಳಿ ಎಬ್ಬಿಸಿದ ಸೀಸದ ಅತಿ ಗಟ್ಟಿ ನೀರು. ಹೊಟ್ಟೆಯ ಕೂಸಿನ ಮಿದುಳಿಗೆ ಸೀಸ ಏನು ಮಾಡುತ್ತದೆಂದು ಓದಿ ತಿಳಿದವಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳ ಅಪ್ಪ ತಮ್ಮ ಅಂಗಡಿಯ ಪೂಜೆಗೆ ಹೋಗಿದ್ದರು.

ಸ್ಕೂಟರು ಹತ್ತಿದಾಗ ಎರಡು ಐವತ್ತೆರಡು. ಕಾಲನಿಗೆ ಹತ್ತು ನಿಮಿಷದ ದಾರಿ. ದಾರಿಯುದ್ದಕ್ಕೂ ಕುಂಬಳಕಾಯಿ ಒಡೆದ ಹೋಳು, ಬಾಳೆಕಂಬ ಕಟ್ಟಿದ ಲಾರಿಗಳು, ಸ್ಪೀಕರಿನ ಅಬ್ಬರ. ಮೂರು ಗಂಟೆಯ ಸೈರನ್ನು ಇನ್ನೂ ದಾರಿಯಲ್ಲಿದ್ದಾಗಲೇ ಕೇಳಿಸಿತು. ನೀರಿನ ಗೇಟು ತೆರೆದಿತ್ತು.

ಕಾಲನಿಗೆ ಹೊಕ್ಕರೆ ಮೊದಲು ಸಿಗುವುದು ನಳದ ಕಟ್ಟೆ. ನಮ್ಮ ಮನೆ ಅದನ್ನು ದಾಟಿ ಮೂರನೇ ಓಣಿಯಲ್ಲಿದೆ. ಕಟ್ಟೆಯ ಸುತ್ತ ಮೂವತ್ತು ನಲವತ್ತು ಹೆಂಗಸರು, ಕೊಡಗಳ ಸಾಲು, ಆಟ ಬಿಟ್ಟು ಬಂದು ನಳಕ್ಕೆ ಬೊಗಸೆ ಒಡ್ಡಿದ ಮಕ್ಕಳು. ತಲೆಯ ಮೇಲೆ ಹಸಿರು ಸೊನ್ನೆ.

ನಾನು ನಿಲ್ಲಲಿಲ್ಲ.

ಸುಳ್ಳು ಯಾಕೆ ಹೇಳಲಿ? ಕೈ ಬ್ರೇಕಿನ ಮೇಲಿತ್ತು. ಕೂಗಬಹುದಿತ್ತು. ಕೂಗಿದರೆ ಏನು, ಯಾಕೆ ಎಂದು ಕೇಳುತ್ತಾರೆ, ಇಳಿಯಬೇಕಾಗುತ್ತದೆ, ತಿಳಿಸಿ ಹೇಳಬೇಕಾಗುತ್ತದೆ. ಅಷ್ಟರಲ್ಲಿ ನನ್ನ ಮಗಳು ಒಂದು ಲೋಟ ಎತ್ತಿ ಕುಡಿದರೆ? ಅದಷ್ಟೇ ತಲೆಯಲ್ಲಿದ್ದದ್ದು. ಕಟ್ಟೆಯನ್ನು ದಾಟಿ ಹೋದೆ.

ಮನೆಯ ಬಾಗಿಲು ತೆರೆದೇ ಇತ್ತು. ಉಜ್ವಲಾ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು, ಫೋನು ದೂರದಲ್ಲೆಲ್ಲೋ. ಅವಳ ಭುಜ ಹಿಡಿದು ಎಬ್ಬಿಸಿದ ರಭಸಕ್ಕೆ ಹುಡುಗಿ ಹೆದರಿ ಎದ್ದು ಕೂತಳು.

"ನೀರು ಕುಡದೀ? ಬಡಿಗೇರ ಕಾಕಾ ಕಳಿಸಿದ್ದು, ಕುಡದೀ?"

"ಇಲ್ಲಬೇ ಯವ್ವಾ... ದೇವರ ಮುಂದ ಇಟ್ಟೀನಿ. ಸಂಜೀಕ ಜಳಕಾ ಮಾಡಿ ತಗೋಬೇಕು ಅಂತ. ಏನಾತು?"

"ಖರೆ ಹೇಳು!"

"ಖರೇನಽ ಬೇ. ನಿನ್ನ ಆಣಿ."

ದೇವರ ಮನೆಯಲ್ಲಿ ಕೊಡ ಹಾಗೆಯೇ ಇತ್ತು, ಬಾಯಿಗೆ ಎಲೆ ಮುಚ್ಚಿ, ಮೇಲೆ ಹೂವಿಟ್ಟು. ಎತ್ತಿ ಬಚ್ಚಲಿಗೆ ಸುರಿದೆ. ಸುರಿದು ಅಲ್ಲೇ ಬಚ್ಚಲ ಕಟ್ಟೆಯ ಮೇಲೆ ಕುಸಿದು ಕೂತೆ. ಮಗಳು ಬಂದು ಪಕ್ಕದಲ್ಲಿ ಕೂತಳು. ಅವಳ ಹೊಟ್ಟೆಗೆ ಕಿವಿ ಹಚ್ಚಿ ಅತ್ತೆ. ಒಳಗೆ ಕೂಸು ಒದೆಯಿತು. ಆಗ ನನಗೆ ಸಂತೋಷವಾಯಿತು. ಇಡೀ ಕಾಲನಿ ನೀರು ಹಿಡಿಯುತ್ತಿದ್ದಾಗ ನಾನು ಸಂತೋಷದಿಂದ ಅಳುತ್ತ ಬಚ್ಚಲಲ್ಲಿ ಕೂತಿದ್ದೆ.

ಕಟ್ಟೆಗೆ ಬಂದಾಗ ಮೂರು ಹದಿನಾಲ್ಕು.

"ನೀರು ಕುಡೀಬ್ಯಾಡ್ರಿ! ಚೆಲ್ಲ್ರಿ ಎಲ್ಲಾ!" ಎಂದು ಕಿರುಚುತ್ತಲೇ ಇಳಿದೆ.

ಯಾರೂ ಚೆಲ್ಲಲಿಲ್ಲ. ಎಲ್ಲರೂ ತಲೆಯೆತ್ತಿ ಬೋರ್ಡು ನೋಡಿದರು.

"ಸೊನ್ನಿ ಐತಲ್ರೀ ಅಕ್ಕಾರ," ಎಂದಳು ಶಹಜಾದಿ ನದಾಫ್. ಗಾದಿ ಹೊಲಿಯುವವಳು, ನಮ್ಮ ಹಿಂದಿನ ಓಣಿಯವಳು. ಎಂಟು ತಿಂಗಳ ಹಿಂದೆ ನನ್ನ ತಂಬಿಗೆಯಿಂದ ಮೊದಲು ಕುಡಿದವಳು ಅವಳೇ. ಕಂಕುಳಲ್ಲಿ ನಾಲ್ಕು ವರ್ಷದ ನಾಜಿಯಾ. "ನೀವಽ ಹೇಳೀರಿ, ನನ್ನ ಮಾತೂ ಕೇಳಬ್ಯಾಡ್ರಿ, ಸೊನ್ನಿ ನೋಡ್ರಿ ಅಂತ."

"ಸೊನ್ನಿ ಸುಳ್ಳು ಹೇಳಾಕತ್ತೈತಿ!"

"ಮಶಿನ್ ಸುಳ್ಳು ಹೇಳ್ತೈತೇನ್ರಿ?" ಎಂದು ಇನ್ನೊಬ್ಬಳು ನಕ್ಕಳು. "ಉಪವಾಸ ಮಾಡಿ ಅಕ್ಕಾರಿಗೆ ತಲಿ ತಿರಗೇತಿ. ಒಂದು ಲೋಟ ನೀರು ಕುಡೀರಿ."

ಇನ್ನು ಮಾತಿನಿಂದ ಆಗುವ ಕೆಲಸವಲ್ಲ. ಶಹಜಾದಿಯ ತುಂಬಿದ ಸ್ಟೀಲಿನ ಕೊಡವನ್ನು ಎಳೆದುಕೊಂಡು ಸಲ್ಫೈಡು ಸುರಿದೆ. ಕೊಳೆತ ಮೊಟ್ಟೆಯ ನಾತ ಎದ್ದಿತು. ನೀರು ಮೊದಲು ಚಹಾದಂತೆ ಕೆಂಪಗಾಗಿ, ಎಲ್ಲರೂ ಬಗ್ಗಿ ನೋಡುತ್ತಿದ್ದಂತೆ ಕಪ್ಪಾಯಿತು. ಒಬ್ಬಳು ಕೊಡ ಬೋರಲು ಹಾಕಿದಳು. ಆಮೇಲೆ ಎಲ್ಲರೂ. ಕಟ್ಟೆಯ ಸುತ್ತ ಕೆಸರಾಯಿತು. ಒಂದಿಬ್ಬರು ಆಗಲೇ ಹೊತ್ತುಕೊಂಡು ಹೋದವರ ಮನೆಗಳಿಗೆ ಓಡಿದರು.

ಶಹಜಾದಿ ಮಾತ್ರ ನಿಂತೇ ಇದ್ದಳು. "ಈಕಿ ಎರಡು ಲೋಟ ಕುಡದಾಳ್ರಿ," ಅಂದಳು. "ಈಗಽ. ನೀವು ಬರೂಕಿಂತ ಒಂದೀಟು ಮೊದಲ."

ಮೂರು ಇಪ್ಪತ್ತಕ್ಕೆ ಬೋರ್ಡಿನಲ್ಲಿ ಕೆಂಪು ಅಂಕಿ ಬಂತು. ಬಡಿಗೇರರು ಪೆಟ್ಟಿಗೆ ಒಡೆದಿದ್ದರು.

ಹತ್ತೊಂಬತ್ತು ಮಕ್ಕಳ ರಕ್ತ ಪರೀಕ್ಷೆಯಾಯಿತು. ಎಂಟು ಮಕ್ಕಳಲ್ಲಿ ಸೀಸ ಇರಬೇಕಾದ್ದಕ್ಕಿಂತ ಹೆಚ್ಚು. ಏಳು ಮಕ್ಕಳದು ತಾನಾಗಿ ಇಳಿಯಿತು. ನಾಜಿಯಾಳದು ಇಳಿಯಲಿಲ್ಲ, ಹದಿನೈದು ದಿನ ಆಸ್ಪತ್ರೆಯಲ್ಲಿಟ್ಟು, ಸೀಸವನ್ನು ರಕ್ತದಿಂದ ಎಳೆದು ತೆಗೆಯುವ ಔಷಧ ಏರಿಸಿದರು. ಜೀವಕ್ಕೆ ಅಪಾಯವಿಲ್ಲ, ಕಲಿಕೆಗೆ ಏನಾದರೂ ತೊಡಕಾಗುತ್ತದೋ ಎಂಬುದು ಎರಡು ವರ್ಷದ ಮೇಲೆ ತಿಳಿಯುತ್ತದೆ ಎಂದರು ಡಾಕ್ಟರು. ಉಜ್ವಲಾಗೆ ಗಂಡು ಕೂಸು ಹುಟ್ಟಿತು. ಗುಂಡುಕಲ್ಲಿನಂತಿದ್ದಾನೆ. ಅವನನ್ನು ಎತ್ತಿಕೊಂಡಾಗೆಲ್ಲ ನನಗೆ ಆಸ್ಪತ್ರೆಯಲ್ಲಿ ನಾಜಿಯಾ ಮಲಗಿದ್ದ ಮಂಚ ಕಾಣುತ್ತದೆ.

ಘಟಕ ಮುಚ್ಚಿತು, ವಿಚಾರಣೆ ಶುರುವಾಯಿತು. ಹುಣಸೆಹಣ್ಣಿನ ಸಂಗತಿಯನ್ನು ಬಡಿಗೇರರು ಯಾರೂ ಕೇಳುವ ಮೊದಲೇ ಹೇಳಿಬಿಟ್ಟರು. ಪೆಟ್ಟಿಗೆ ಒಡೆದದ್ದನ್ನೂ ಹೇಳಿದರು. ನಾನು ಒಡೆಯಲು ಹೇಳಿದ್ದನ್ನು ಮಾತ್ರ ಹೇಳಲಿಲ್ಲ. ಅದನ್ನು ನಾನು ಹೇಳಿದೆ. ಪಟ್ಟಿ ಹೊಳೆಯುವುದನ್ನು ಬೆಳಿಗ್ಗೆಯೇ ನೋಡಿ ಹೊಗಳಿದ್ದನ್ನೂ ಹೇಳಿದೆ.

ನನ್ನ ಹೇಳಿಕೆಯ ಕಾಗದವನ್ನು ಜಿತೇಂದ್ರನೇ ತಂದುಕೊಟ್ಟ. ಆ ದಿನದಿಂದ ಅವನೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಅದರಲ್ಲೊಂದು ಪ್ರಶ್ನೆಯಿತ್ತು: ಘಟಕ ಬಿಟ್ಟದ್ದು ಎರಡು ಐವತ್ತೆರಡು, ಕಟ್ಟೆ ಮುಟ್ಟಿದ್ದು ಮೂರು ಹದಿನಾಲ್ಕು. ಹತ್ತು ನಿಮಿಷದ ದಾರಿಗೆ ಇಪ್ಪತ್ತೆರಡು ನಿಮಿಷ ಯಾಕೆ?

"ಹಬ್ಬದ ಗದ್ದಲ, ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ ಅಂತ ಬರೀರಿ ಮೇಡಂ," ಅಂದ ಅವನು ತಗ್ಗಿದ ದನಿಯಲ್ಲಿ. "ಯಾರೂ ಕೆದಕಲ್ಲ. ಅಷ್ಟು ಜನರನ್ನ ಉಳಿಸಿದ್ದು ನೀವೇ ಅಲ್ವಾ?"

ಪೆನ್ನು ತೆಗೆದುಕೊಂಡು ಬರೆದೆ: ಮೊದಲು ನನ್ನ ಮನೆಗೆ ಹೋಗಿದ್ದೆ.

ಬರೆದದ್ದನ್ನು ಕಚೇರಿಗೆ ಕೊಡುವ ಮೊದಲು, ನಾಜಿಯಾ ಇನ್ನೂ ಇದ್ದ ಆಸ್ಪತ್ರೆಗೆ ಹೋದೆ. ಬೇರೆಯವರ ಬಾಯಿಂದ ಶಹಜಾದಿಗೆ ತಿಳಿಯುವುದು ಬೇಡವಾಗಿತ್ತು. ನಾಜಿಯಾ ಮಲಗಿತ್ತು. ಶಹಜಾದಿ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತು ಯಾರದೋ ದಿಂಬಿಗೆ ಹೊಲಿಗೆ ಹಾಕುತ್ತಿದ್ದಳು. ನಾನೂ ನೆಲದ ಮೇಲೆ ಕೂತೆ. ಎಷ್ಟು ಹೊತ್ತಿಗೆ ಹೊರಟೆ, ಎಷ್ಟು ಹೊತ್ತಿಗೆ ಕಟ್ಟೆ ದಾಟಿದೆ, ಮನೆಯಲ್ಲಿ ಎಷ್ಟು ಹೊತ್ತು ಕೂತೆ, ಎಲ್ಲ ಹೇಳಿದೆ. ಅವಳು ಸೂಜಿ ನಿಲ್ಲಿಸದೆ ಕೇಳಿದಳು.

"ನಂಗ ಗೊತ್ತೈತ್ರಿ ಅಕ್ಕಾರ," ಅಂದಳು. "ನೀವು ಹಾದು ಹೋಗೂದು ನೋಡಿದ್ನಿ. ಆವಾಗ ನನ್ನ ಕೊಡ ಇನ್ನೂ ಖಾಲಿ ಇತ್ತು, ಈಕಿ ಇನ್ನೂ ಕುಡದಿರಲಿಲ್ಲ. ನಾ ನಿಮಗ ಕೈ ಮಾಡಿದ್ನಿ."

ದಾರ ಹಲ್ಲಿನಿಂದ ಕಡಿದಳು. "ಗದ್ದಲದಾಗ ನೋಡಿರಾಕಿಲ್ಲ ಬಿಡ್ರಿ. ವಿಚಾರಣಿ ಸಾಹೇಬ್ರು ಕೇಳಿದಾಗನೂ ನಾ ಹಂಗಽ ಹೇಳೀನಿ, ಅಕ್ಕಾರು ನಮ್ಮನ್ನ ನೋಡಿಲ್ಲ ಅಂತ."

ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಹೌದು ಅಂದುಬಿಡಲಿ ಎಂದು ಕಾಯುತ್ತಿದ್ದಳೆಂದು ಕಾಣುತ್ತದೆ.

"ನೋಡಿದ್ನಿ, ಶಹಜಾದಿ," ಅಂದೆ.